ಮುಳ್ಳು ನಿಂತ ಜಾಗ

ಮಾರ್ಚ್ 3, ಬೆಳಗ್ಗೆ 9

ಅಕ್ಕನ ದೋಣಿಯ ಮೋಟರನ್ನು ಸ್ಟ್ಯಾಂಡಿಗೆ ಏರಿಸಿದೆ. ಪ್ರತಿ ವರ್ಷದ ಚೆಕಪ್. ಭಾವ ಮದುವೆಯ ವರ್ಷ ಕೊಂಡದ್ದು. ಅವರು ಹೋಗಿ ಆರು ವರ್ಷವಾಯಿತು, ಇದು ಇನ್ನೂ ಓಡುತ್ತಿದೆ. "ಸ್ವಲ್ಪ ಕೆಮ್ಮುತ್ತೆ ಕಣೋ" ಅಂದಿದ್ದಳು ಅಕ್ಕ. ಎರಡೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ಗೇಜ್ ಕೂರಿಸಿ ಹಗ್ಗ ಎಳೆದೆ. ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ಸಿಲಿಂಡರಿನ ದಮ್ಮು. ಮೇಲಿನದು 68. ಕೆಳಗಿನದು 66. ಹೋದ ವರ್ಷ 112, 110 ಇತ್ತು.

ಎರಡೂ ಒಟ್ಟಿಗೇ ಇಳಿದಿವೆ... ವಿಚಿತ್ರ.

ಮಾರ್ಚ್ 4

ಸಿಲಿಂಡರಿಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಎಳೆದೆ. ಪಿಸ್ಟನ್ ರಿಂಗ್ ಸವೆದಿದ್ದರೆ ಮುಳ್ಳು ಏರಬೇಕಿತ್ತು. ಏರಲಿಲ್ಲ. ಗೇಜ್ ಮೇಲೇ ಅನುಮಾನ ಬಂತು. ಪಕ್ಕದ ಬೈಕ್ ಮೆಕ್ಯಾನಿಕ್‌ನ ಗೇಜ್ ತಂದು ನೋಡಿದೆ. ಅದರಲ್ಲೂ ಅಷ್ಟೇ. ನಲವತ್ತು ವರ್ಷದ ಕಸುಬು, ಇಂಥದ್ದು ನೋಡಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. "ಇದರ ಕಥೆ ಮುಗೀತು ಅಕ್ಕಾ. ನಡುನೀರಲ್ಲಿ ಕೈ ಕೊಡುತ್ತೆ." ಅವಳ ಟೈಲರಿಂಗ್ ಅಂಗಡಿ ಆಚೆ ದಡದಲ್ಲಿ. ದೋಣಿಯಲ್ಲಿ ಕಾಲು ಗಂಟೆ, ಸುತ್ತಿ ಹೋಗುವ ಬಸ್ಸಿನಲ್ಲಿ ಎರಡು ಗಂಟೆ. "ನೀನು ಹೇಳಿದ ಮೇಲೆ ಮುಗೀತು ಬಿಡು. ಅಂಗಡಿ ಮುಚ್ತೀನಿ" ಅಂದಳು. ಗುಜರಿಯವನಿಗೆ ಹನ್ನೆರಡನೇ ತಾರೀಕು ಬರಹೇಳಿದೆ.

ಮಾರ್ಚ್ 7

ಅಕ್ಕ ಬಂದಿದ್ದಳು, ಮೋಟರಿನ ಮುಖ ನೋಡಲು. ಗೇಜ್ ಇನ್ನೂ ಮೋಟರಿನಲ್ಲೇ ಇತ್ತು. "ಕೊನೇ ಸಲ ನಾನೂ ಎಳೀತೀನಿ" ಅಂತ ತೋಳು ಮಡಿಸಿದಳು. ಐದು ಸಲ ಎಳೆದಳು, ಅರವತ್ತೇಳರ ಹೆಂಗಸು! ಮುಳ್ಳು 112ಕ್ಕೆ ಹೋಗಿ ನಿಂತಿತು.

ಅವಳು ಕೈ ಒರೆಸಿಕೊಳ್ಳುತ್ತಿದ್ದಳು, ನೋಡಲಿಲ್ಲ. ನಾನು ಗೇಜಿನ ಗುಂಡಿ ಒತ್ತಿ ಗಾಳಿ ಬಿಟ್ಟೆ. ಮುಳ್ಳು ಸೊನ್ನೆಗೆ ಇಳಿಯಿತು.

"ಎಷ್ಟು ಬಂತೋ?"

"ಅಷ್ಟೇ. ಅರವತ್ತು ಚಿಲ್ಲರೆ."

ಥೂ, ನನ್ನ ಬಾಯಿಗಿಷ್ಟು. ಮೋಟರು ಗಟ್ಟಿಯಾಗಿದೆ. ಹಗ್ಗ ಜೋರಾಗಿ ಎಳೆಯದಿದ್ದರೆ ಮುಳ್ಳು ಏರುವುದಿಲ್ಲ. ಸೋತದ್ದು ನನ್ನ ಬಲಗೈ.

ಮಾರ್ಚ್ 8

ಎರಡು ತಿಂಗಳಿಂದ ಗೊತ್ತು. ಲೋಟ ಜಾರುತ್ತದೆ. ಶರ್ಟಿನ ಗುಂಡಿಗೆ ಹತ್ತು ನಿಮಿಷ ಬೇಕು. ಈ ಅಕ್ಷರ ನೋಡಿದರೆ ಸಾಕು — ಕಾಗೆ ಕಾಲು ಗುಬ್ಬಿ ಕಾಲು. ಚಳಿ ಅಂದುಕೊಂಡೆ, ವಯಸ್ಸು ಅಂದುಕೊಂಡೆ. ರಿಂಗ್, ಗೇಜ್, ಎಲ್ಲದರ ಮೇಲೂ ಅನುಮಾನಪಟ್ಟೆ. ಹಗ್ಗ ಎಳೆದವನು ನಾನು ಅನ್ನುವುದು ಹೊಳೆಯಲೇ ಇಲ್ಲ.

ಮೋಟರು ಸರಿಯಿದೆ ಅಂದರೆ ಕೈ ವಿಷಯ ಬಾಯಿ ಬಿಡಬೇಕು. ಕೈ ಹೋದ ಮೆಕ್ಯಾನಿಕ್ ಯಾರಿಗೆ ಬೇಕು? ಭಯವಾಗುತ್ತಿದೆ. ಬರೆದುಬಿಟ್ಟೆ.

ಮಾರ್ಚ್ 12, ಮಧ್ಯಾಹ್ನ

ಗುಜರಿಯವನು ಗಾಡಿ ತಂದ. "ಆ ಕಡೆ ನೀವು ಹಿಡೀರಿ ಯಜಮಾನ್ರೇ." ಮೋಟರಿನ ಕೆಳಗೆ ಕೈ ಇಟ್ಟೆ. ಅಕ್ಕ ದೂರದಲ್ಲಿ ನಿಂತು ಅದರ ಮುಚ್ಚಳವನ್ನೇ ನೋಡುತ್ತಿದ್ದಳು, ಭಾವ ಬಳಿದ ನೀಲಿ ಬಣ್ಣವನ್ನು. ತಡೆಯಲಾಗಲಿಲ್ಲ.

"ಬೇಡಪ್ಪ, ಬಿಡು. ಅಕ್ಕಾ, ಮೋಟರು ಚೆನ್ನಾಗಿದೆ. ನೀನು ಎಳೆದಾಗ ನೂರ ಹನ್ನೆರಡು ಬಂತು. ಸುಳ್ಳು ಹೇಳ್ದೆ. ನನ್ನ ಕೈಗೇ ಶಕ್ತಿ ಇಲ್ಲ."

ಚೆನ್ನಾಗಿ ಉಗಿಯುತ್ತಾಳೆ ಅಂದುಕೊಂಡೆ. ಬಂದು ಬಲಗೈ ಹಿಡಿದಳು.

"ಹಿಂಡು."

ಹಿಂಡಿದೆ.

"ಜೋರಾಗಿ ಕಣೋ."

"ಇದೇ ಜೋರು ಅಕ್ಕಾ."

ಕೈ ಬಿಡಲಿಲ್ಲ. ಗುಜರಿಯವನಿಗೆ, "ನೀನು ಹೋಗಿ ಬಾಪ್ಪ" ಅಂದಳು.

ಮಾರ್ಚ್ 13, ಬೆಳಗ್ಗೆ 8

ಕೆಮ್ಮು ಹಳೇ ಪ್ಲಗ್ಗಿನದು. ಹೊಸದು ಹಾಕಿದೆ. ಅಕ್ಕ ಎಳೆದಳು, ಎರಡನೇ ಎಳೆತಕ್ಕೆ ಶುರು. ಒಂಬತ್ತಕ್ಕೆ ಆಚೆ ದಡದ ಡಾಕ್ಟರ್. ಅವಳೇ ದೋಣಿಯಲ್ಲಿ ಕರೆದೊಯ್ಯುತ್ತಾಳಂತೆ. ನನ್ನ ಒಳ್ಳೇ ಶರ್ಟಿನ ಗುಂಡಿಗಳನ್ನೆಲ್ಲ ಕಿತ್ತು ಟಿಚ್ ಬಟನ್ ಹೊಲಿದು ತಂದಿದ್ದಾಳೆ. "ಒತ್ತಿದ್ರೆ ಆಯ್ತು, ನಾಟಕ ಮಾಡ್ಬೇಡ" ಅಂದಳು.

ಹೊರಗೆ ಮೋಟರಿನ ಸದ್ದು. ಅಕ್ಕ ಕೂಗುತ್ತಿದ್ದಾಳೆ. ಬಟನ್ ಬಲಗೈಯಲ್ಲೇ ಹಾಕಿ ನೋಡುತ್ತೇನೆ.

ಒಂದು... ಕೂತಿತು. ಎರಡು —