ಇಪ್ಪತ್ತೆಂಟನೇ ತಾರೀಖಿನ ಪಾಸು

ಮಾರ್ಚ್ 4, ಮಂಗಳವಾರ. ಸಂಜೆ 7

ಅಂಗಡಿ ಈಗಷ್ಟೇ ಮುಚ್ಚಿ ಬಂದೆ. ಇವತ್ತು ಬಂದ ಜೋಡುಗಳಿಗೆಲ್ಲ ಬರೀ ಹಿಮ್ಮಡಿ, ಅಡಿಯ ಕೆಲಸ. ಒಬ್ಬ ಲಾಯರರ ಬೂಟಿಗೆ ಹೊಸ ಸೋಲ್ ಅಂಟಿಸಿ, ಭಾರ ಹೇರಿ ಇಟ್ಟಿದ್ದೇನೆ. ನಾಳೆ ಅಂಚು ಕತ್ತರಿಸಬೇಕು.

ಮಧ್ಯಾಹ್ನ ಕೋಚ್ ಅಂಗಡಿಗೇ ಬಂದಿದ್ದರು. ಮಗಳ ಟೇಬಲ್ ಟೆನ್ನಿಸ್ ಪಂದ್ಯಾವಳಿಯ ಪತ್ರ ಬಂದಿದೆಯಂತೆ. ವಿದೇಶ! ಆಟ ಮೂರು ಊರಿನಲ್ಲಿ. ಮೊದಲ ಊರಿನಲ್ಲಿ ಗೆದ್ದವರು ಎರಡನೆಯದಕ್ಕೆ, ಅಲ್ಲಿ ಗೆದ್ದವರು ಮೂರನೆಯದಕ್ಕೆ. ಅಲ್ಲೇ ಫೈನಲ್ಸ್. ವಿಮಾನದ ಟಿಕೆಟ್ ಕ್ಲಬ್ಬಿನದು, ನನ್ನದೂ ಸೇರಿ. ಅಲ್ಲಿನ ಓಡಾಟ ನಮ್ಮ ಖರ್ಚು. ಅದಕ್ಕೆ ರೈಲ್ವೆ ಪಾಸು ಸಿಗುತ್ತದಂತೆ.

‘ಮೂರು ದಿನದ್ದು ತಗೊಳ್ಳಿ, ಧಾರಾಳ ಆಯ್ತು’ ಅಂದರು ಕೋಚ್.

ಪಕ್ಕದ ಗಡಿಯಾರದಂಗಡಿಯವನು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆಯೇ ಕೂಗಿದ: ‘ಏನಪ್ಪಾ, ಫಾರಿನ್ನಾ? ಅಲ್ಲಿಯವರ ಬೂಟನ್ನೇ ನೋಡ್ತಾ ಕೂತು ಟ್ರೈನ್ ತಪ್ಪಿಸ್ಕೋಬೇಡ!’

ನಕ್ಕೆ. ಎಂಟು ತಿಂಗಳಾಗಿತ್ತೇನೋ ಹಾಗೆ ನಕ್ಕು.

ಮನೆಗೆ ಬಂದು ಹೆಂಡತಿಗೆ ಹೇಳಬೇಕು ಅಂತ ಬಾಗಿಲವರೆಗೂ ಅನ್ನಿಸುತ್ತಲೇ ಇತ್ತು.

ಮಾರ್ಚ್ 6, ಗುರುವಾರ

ಟ್ರಾವೆಲ್ಸ್ ಆಫೀಸಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಒಳ್ಳೆಯವಳು, ಮೂರು ಸಲ ಕೇಳಿದರೂ ಬೇಸರಪಡಲಿಲ್ಲ. ಪಾಸಿನಲ್ಲಿ ಎರಡು ಬಗೆ. ಒಂದು ತಿಂಗಳೊಳಗೆ ಯಾವುದಾದರೂ ಮೂರು ದಿನ ಓಡಾಡುವುದು, ಇಲ್ಲವೇ ಐದು ದಿನ. ಆ ದೇಶಕ್ಕೆ ಕಾಲಿಟ್ಟ ಮೇಲೆ ಕೊಳ್ಳಲು ಬರುವುದಿಲ್ಲ. ಇಲ್ಲೇ ತೀರ್ಮಾನ ಆಗಬೇಕು.

ಬೆರಳು ಮಡಚಿ ನೋಡಿದೆ. ವಿಮಾನ ಇಳಿದಲ್ಲಿಂದ ಮೊದಲ ಊರು, ಅಲ್ಲಿಂದ ಎರಡನೆಯದು, ಅಲ್ಲಿಂದ ವಾಪಸ್ಸು. ಮೂರು ದಿನ ಮುಗಿಯಿತು. ಮೂರನೇ ಊರಿಗೆ ಜಾಗವೇ ಇಲ್ಲ. ಅಂದರೆ ಮೂರು ದಿನದ ಪಾಸು ತೆಗೆದುಕೊಂಡರೆ, ಮಗಳು ಎರಡನೇ ಊರಿನಲ್ಲಿ ಸೋಲುತ್ತಾಳೆ ಎಂದು ನಾನೇ ದುಡ್ಡು ಕೊಟ್ಟು ಬರೆಸಿಕೊಂಡ ಹಾಗೆ.

‘ಹೆಚ್ಚಿನವರು ಮೂರೇ ತಗೊಳ್ಳೋದು ಸಾರ್’ ಅಂದಳು.

‘ಐದು ಕೊಡಮ್ಮ. ಎರಡು ಪಾಸು.’

ನನ್ನ ಬಾಯಿಂದ ಇಷ್ಟು ಗಟ್ಟಿಯಾಗಿ ಮಾತು ಬಂದದ್ದು ಕೇಳಿ ನನಗೇ ಆಶ್ಚರ್ಯ. ದಾರಿಯಲ್ಲಿ ಎದೆ ಉಬ್ಬಿಸಿಕೊಂಡೇ ನಡೆದೆ. ಯಾರೂ ನೋಡಲಿಲ್ಲ… ನೋಡಿದ್ದರೂ ಪರವಾಗಿರಲಿಲ್ಲ.

ಮಾರ್ಚ್ 15, ಶನಿವಾರ

ಪಾಸು ಬಂತು. ದಪ್ಪ ಕಾಗದ. ದಿನ ಬರೆಯಲು ಐದು ಖಾಲಿ ಚೌಕ.

ಅಂಗಡಿಯಲ್ಲಿ ಜೋಡು ಕೈಗೆ ಬಂದ ಕೂಡಲೇ ಚೀಟಿ ಕಟ್ಟಿ, ಕೊಡುವ ತಾರೀಖು ಬರೆಯುವುದು ನನ್ನ ಅಭ್ಯಾಸ. ಬರೆಯದೆ ಜೋಡು ಕೆಳಗಿಡುವುದಿಲ್ಲ. ಪಂದ್ಯಾವಳಿಯ ಪತ್ರ ನೋಡಿಕೊಂಡು ಎರಡೂ ಪಾಸಿಗೆ ತಾರೀಖು ತುಂಬಿಸಿದೆ. ಏಪ್ರಿಲ್ 21, 25, 28, ಕೊನೆಗೆ ವಾಪಸ್ಸಿನ ದಿನ. ಒಂದು ಚೌಕ ಉಳಿಯಿತು, ಇರಲಿ. ಬಾಲ್‌ಪೆನ್ನು, ಒತ್ತಿ ಬರೆದದ್ದು.

ಸಂಶಯ ಬಂದು ಟ್ರಾವೆಲ್ಸಿಗೆ ಫೋನ್ ಮಾಡಿದೆ.

‘ಅಯ್ಯೋ ಸಾರ್! ಅದು ಟ್ರೈನ್ ಹತ್ತೋ ದಿನ ಬರೀಬೇಕಾದ್ದು. ಈಗ ಅಳಿಸೋ ಹಾಗಿಲ್ಲ, ತಿದ್ದೋ ಹಾಗಿಲ್ಲ. ಬರೆದ ದಿನವೇ ಹೋಗಬೇಕು.’

ಗಡಿಯಾರದಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ‘ಪಾಸಿಗೂ ಚೀಟಿ ಕಟ್ಟಿಬಿಟ್ಟೆಯಾ ಮಹಾರಾಯ!’

ಮಾರ್ಚ್ 16, ಭಾನುವಾರ

ಮಗಳು ಪಾಸು ನೋಡಿದಳು.

‘ಇಪ್ಪತ್ತೆಂಟು ಯಾಕಪ್ಪಾ ಬರೆದೆ?’

‘ಅವತ್ತು ಮೂರನೇ ಊರಿಗೆ ಹೋಗೋದಲ್ವಾ.’

‘ಗೆದ್ದರೆ ತಾನೆ? ಅಮ್ಮ ತೀರಿಹೋದಮೇಲೆ ನಾನು ಎಷ್ಟು ಮ್ಯಾಚ್ ಗೆದ್ದಿದ್ದೀನಿ, ಹೇಳು. ಅಮ್ಮ ಯಾವತ್ತೂ ಹೀಗೆ ಮಾಡ್ತಿರ್ಲಿಲ್ಲ. ಅವಳು ಮುಂದಿನ ಬಾಲ್ ಅಷ್ಟೇ ನೋಡು ಅನ್ನೋಳು. ನೀನು ಫೈನಲ್ಲನ್ನೇ ತಂದು ನನ್ನ ತಲೆ ಮೇಲೆ ಇಡ್ತಿದ್ದೀಯ!’

ಬಾಗಿಲು ಹಾಕಿಕೊಂಡಳು. ಈ ಮನೆಯಲ್ಲಿ ಮಾತು ಅವಳಮ್ಮನ ಇಲಾಖೆ. ಊಟದ ಮೇಜಿನ ನಡುವೆ ನನ್ನ ಅಂಗಡಿಯ ಬೂಟಿನ ಡಬ್ಬಿಗಳನ್ನು ಸಾಲಾಗಿ ಇಟ್ಟು, ಅದೇ ನೆಟ್ಟು ಎಂದು ಮಗಳಿಗೆ ಆಟ ಕಲಿಸಿದವಳು ಅವಳು. ನಾನು ಬ್ಯಾಟಿಗೆ ರಬ್ಬರು ಅಂಟಿಸುವವನು ಅಷ್ಟೇ.

ಅದನ್ನೇ ಮಾಡಿದೆ. ಹಳೆಯ ರಬ್ಬರು ಕಿತ್ತು, ಮರ ಉಜ್ಜಿ, ಹೊಸದು ಅಂಟಿಸಿ ಭಾರ ಹೇರಿದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಬ್ಯಾಟು ಕೊಟ್ಟು ಹೇಳಿದೆ. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಮಾತು.

‘ಸೋತರೂ ಮೂರನೇ ಊರಿಗೆ ಹೋಗೋಣ. ಕೂತು ನೋಡೋಣ. ಆ ಪಾಸು ಗೆದ್ದವರಿಗೆ ಮಾತ್ರ ಅಂತ ಎಲ್ಲೂ ಬರೆದಿಲ್ಲ.’

ಬ್ಯಾಟಿನ ಅಂಚಿನ ಮೇಲೆ ಬೆರಳಾಡಿಸಿದಳು. ಕೂದಲೆಳೆಯಷ್ಟೂ ರಬ್ಬರು ಎದ್ದಿರಲಿಲ್ಲ.

‘ಸೋತಮೇಲೆ ಯಾರಪ್ಪಾ ಕೂತು ನೋಡ್ತಾರೆ?’ ಅಂದಳು. ಆದರೆ ಬ್ಯಾಟು ತೆಗೆದುಕೊಂಡೇ ಹೋದಳು.

ಏಪ್ರಿಲ್ 21, ಸೋಮವಾರ. ಟ್ರೈನಿನಲ್ಲಿ

ಗಾಜು ಎಷ್ಟು ದೊಡ್ಡದು! ಸದ್ದೇ ಇಲ್ಲ. ಎದುರು ಸೀಟಿನಲ್ಲಿ ಕೋಚ್ ಬಾಯಿ ತೆರೆದು ನಿದ್ದೆ.

ಟಿಕೆಟ್ ನೋಡುವಾಕೆ ಬಂದರು. ನನ್ನ ಪಾಸು ಹಿಡಿದು ಹುಬ್ಬೇರಿಸಿದರು. 28ರ ಚೌಕದ ಮೇಲೆ ಬೆರಳಿಟ್ಟು ಮಗಳನ್ನು ಏನೋ ಕೇಳಿದರು, ಅವಳೇನೋ ಹೇಳಿದಳು. ಅವರು ನಕ್ಕು ಮುದ್ರೆ ಒತ್ತಿ, ಹೋಗುವಾಗ ಅವಳ ಬೆನ್ನು ತಟ್ಟಿದರು.

‘ಏನಂತೆ?’

‘ಇಷ್ಟು ಮುಂಚೆ ಯಾಕೆ ಬರೆದಿದ್ದೀರಿ, ಅವತ್ತು ಏನಿದೆ ಅಂದ್ರು.’

‘ಏನಂದೆ?’

ಕಿಟಕಿ ಕಡೆ ತಿರುಗಿಕೊಂಡಳು. ‘ಫೈನಲ್ಸ್ ಇದೆ ಅಂದೆ.’

ಏಪ್ರಿಲ್ 24, ಗುರುವಾರ

ಗೆದ್ದಳು!!

ಗಂಟಲು ಕಟ್ಟಿದೆ. ನಾನು ಕೂಗಿದೆನಂತೆ. ನಾನು! ಕೋಚ್ ಹೇಳುತ್ತಾರೆ, ಇಡೀ ಕ್ರೀಡಾಂಗಣವೇ ತಿರುಗಿ ನೋಡಿತಂತೆ. ನಾಳೆ ಎರಡನೇ ಊರು.

ಏಪ್ರಿಲ್ 27, ಭಾನುವಾರ. ಸಂಜೆ 6

ಸೋತಳು. ಕೊನೆಯ ಗೇಮಿನಲ್ಲಿ, ಎರಡೇ ಪಾಯಿಂಟಿನಲ್ಲಿ.

ಎದುರಾಳಿ ಒಂದು ತಲೆ ಎತ್ತರದ ಹುಡುಗಿ. ಹಿಂದೆ ಬಿದ್ದಾಗಲೂ ನಮ್ಮವಳು ಅತ್ತಿತ್ತ ನೋಡಲಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೆಂದು ನನಗೆ ಗೊತ್ತು: ಮುಂದಿನ ಬಾಲ್ ಅಷ್ಟೇ. ಆ ದನಿಯೂ ನನಗೆ ಕೇಳಿಸಿತು… ಮಗಳದ್ದಲ್ಲ. ಆಟ ಮುಗಿದಾಗ ಗೆದ್ದವಳಿಗೆ ತಟ್ಟಿದಷ್ಟೇ ಚಪ್ಪಾಳೆ ಇವಳಿಗೂ ಬಿತ್ತು. ಪಕ್ಕದಲ್ಲಿ ಕೂತಿದ್ದ ಅಪರಿಚಿತರ ತೋಳು ಹಿಡಿದು ‘ನನ್ನ ಮಗಳು, ನನ್ನ ಮಗಳು’ ಅಂದೆ. ಅವರಿಗೆ ನಮ್ಮ ಭಾಷೆ ಬಾರದು. ತಿಳಿಯಿತು ಅವರಿಗೆ.

ಕೋಚ್ ನಾಳೆಯ ವಿಮಾನಕ್ಕೆ ಹೊರಟಿದ್ದಾರೆ. ‘ನಿಮ್ಮದೂ ಬದಲಾಯಿಸ್ತೀನಿ. ಅಲ್ಲಿ ಹೋಗಿ ಬೇರೆಯವರ ಆಟ ನೋಡಿ ಯಾಕಮ್ಮಾ ಹೊಟ್ಟೆ ಉರಿಸ್ಕೋತೀಯ?’

ಮಗಳು ನನ್ನ ಮುಖ ನೋಡಿದಳು. ಅವತ್ತು ಜೋಡಿಸಿದ ಮಾತೆಲ್ಲ ನಾಲಗೆಯ ತುದಿಗೆ ಬಂತು. ಅದುಮಿಕೊಂಡೆ. ಮತ್ತೆ ಅವಳ ತಲೆ ಮೇಲೆ ಏನನ್ನೂ ಇಡಬಾರದು.

‘ನಿನ್ನಿಷ್ಟ ಕಣಮ್ಮಾ.’

ಮುಖ ತೊಳೆದು ಬಂದಳು. ಚೀಲದಿಂದ ಪಾಸು ತೆಗೆದು ಕೋಚ್ ಮುಂದೆ ಹಿಡಿದಳು.

‘ಇಲ್ಲಿ ಡೇಟು ಬಿದ್ದಾಗಿದೆ ಸಾರ್. ನಮ್ಮಪ್ಪನ ಅಂಗಡೀಲಿ ಬರೆದ ಡೇಟು ತಪ್ಪಲ್ಲ.’

ಒಂದೇ ಸಲ ತಪ್ಪಿದೆ. ಅವಳಮ್ಮನನ್ನು ಕಳಿಸಿಕೊಟ್ಟ ವಾರ, ಶಟರ್ ಎಳೆದಿತ್ತು. ಮಗಳಿಗೂ ಗೊತ್ತು.

‘ಆ ಎತ್ತರದವಳು ಸರ್ವ್ ಮಾಡುವಾಗ ಮೊಣಕೈ ನೋಡಬೇಕಪ್ಪಾ’ ಅಂದಳು ಆಮೇಲೆ, ಬ್ರೆಡ್ ಕಚ್ಚುತ್ತಾ. ‘ಇನ್ನೊಂದ್ಸಲ ಕೂತು ನೋಡಿದ್ರೆ ಸಿಕ್ಕಿಬಿಡುತ್ತೆ ನಂಗೆ.’

ಬೂಟು ಇಬ್ಬರದೂ ಒರೆಸಿ ಬಾಗಿಲ ಬಳಿ ಇಟ್ಟಿದ್ದೇನೆ. ಟ್ರೈನು ನಾಳೆ ಬೆಳಿಗ್ಗೆ ಎಂಟೂವರೆಗೆ.