ನಡುಗಡ್ಡೆಯ ಒಂಬತ್ತು ಹುಡುಗಿಯರು

ಕಪ್ಪತಗುಡ್ಡದ ಅಡಿ,
ಫೆಬ್ರವರಿ ೩೦, ೨೨೧೯

ಹಿಂದಿನ ಕಾಲದ ತಂದೆ-ತಾಯಂದಿರಿಗೆ,

ತಾರೀಖು ನೋಡಿ ನಗಬೇಡಿ. ನಾವು ತಿಂಗಳುಗಳನ್ನೆಲ್ಲ ಸಮ ಮಾಡಿಕೊಂಡು ಬಹಳ ಕಾಲವಾಯಿತು. ನಿಮ್ಮ ಕಿವಿಗೆ ಒಗ್ಗದ ಮಾತು ಬಂದರೆ ಕ್ಷಮಿಸಿ. ಅದೊಂದಕ್ಕೆ ಮಾತ್ರ ಕ್ಷಮೆ ಕೇಳುತ್ತೇನೆ, ಮಿಕ್ಕದ್ದಕ್ಕೆ ನೀವೇ ಕೇಳಬೇಕು.

ನಾನು ನೋಟಗೂಡಿನ ಕಾವಲುಗಾರ್ತಿ. ನಿಮ್ಮ ಕಾಲದ ಚಿತ್ರ, ಕಾಗದಗಳನ್ನು ಕೆಡದಂತೆ ಇಡುವ ತಂಪು ಕೋಣೆಗೆ ನೋಟಗೂಡು ಎನ್ನುತ್ತೇವೆ. ಅಲ್ಲಿ ನಿಮ್ಮದೊಂದು ಟಿವಿ ಧಾರಾವಾಹಿ ಇದೆ. ದೋಣಿ ಮುಳುಗಿ ನಡುಗಡ್ಡೆ ಸೇರಿದ ಒಂಬತ್ತು ಖೊಖೊ ತಂಡದ ಹುಡುಗಿಯರು ಹೊಡೆದಾಡಿ, ನಾಯಕಿಯನ್ನು ಕಟ್ಟಿಹಾಕಿ, ಕೊನೆಗೆ ಹಸಿವು ತಾಳದೆ ಸತ್ತ ಗೆಳತಿಯನ್ನೇ ತಿನ್ನುತ್ತಾರೆ. ಸುದ್ದಿಚಿತ್ರಗಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದರಿಂದ ನಮ್ಮ ಹಿರಿಯರು ಅದನ್ನು ನಡೆದ ಸಂಗತಿ ಎಂದೇ ನಂಬಿದರು. ಎಪ್ಪತ್ತು ವರ್ಷಗಳಿಂದ ಆ ಹುಡುಗಿಯರ ಹೆಸರಲ್ಲಿ ಗುಡ್ಡದಿನ ಮಾಡುತ್ತಿದ್ದೇವೆ. ಅಂದು ಊರಿನಲ್ಲಿ ಒಲೆ ಹಚ್ಚುವುದಿಲ್ಲ. ಹದಿನೈದು ತುಂಬಿದ ಹುಡುಗಿಯರೆಲ್ಲ ಬೆಳಗ್ಗೆ ಗುಡ್ಡ ಹತ್ತುತ್ತಾರೆ, ದೊಡ್ಡವರು ಯಾರೂ ಜೊತೆಗಿಲ್ಲ. ತಾವೇ ಬೇಯಿಸಿಕೊಳ್ಳುತ್ತಾರೆ, ಜಗಳವಾಡುತ್ತಾರೆ, ಗಂಟಲು ಹರಿಯುವಂತೆ ಕೂಗುತ್ತಾರೆ. ಸಂಜೆ ಇಳಿದು ಬಂದವರನ್ನು ಏನಾಯಿತೆಂದು ಯಾರೂ ಕೇಳುವಂತಿಲ್ಲ. ವರ್ಷದ ಉಳಿದ ದಿನಗಳಲ್ಲೆಲ್ಲ ಅವರು ಹಿರಿಯರ ಕಣ್ಣಳತೆಯಲ್ಲೇ ಇರಬೇಕು.

ಹೋದ ತಿಂಗಳು ಇನ್ನೊಂದು ಪೆಟ್ಟಿಗೆ ತೆರೆದು ನೋಡಿದರೆ, ಎಪ್ಪತ್ತು ವರ್ಷ ನಾವು ಯಾರಿಗಾಗಿ ಅತ್ತೆವೋ ಆ ಸತ್ತ ಹುಡುಗಿಯೇ, ಎಷ್ಟೋ ವರ್ಷಗಳ ನಂತರ ತೆಗೆದ ಬೇರೆ ಧಾರಾವಾಹಿಯಲ್ಲಿ ಅತ್ತೆಯಾಗಿ ರೇಷ್ಮೆ ಸೀರೆಯುಟ್ಟು ಸೊಸೆಗೆ ಕಾಟ ಕೊಡುತ್ತಿದ್ದಳು! ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೋಗಿ ಊರ ಹಿರಿಯರ ಹಿರೇಸಭೆಗೆ ಹೇಳಿದೆ. ಕಟ್ಟುಕಥೆಗೆ ಶೋಕವೇನು ಎಂದು ಅವರು ಗುಡ್ಡದಿನವನ್ನೇ ರದ್ದು ಮಾಡಲು ಹೊರಟಿದ್ದಾರೆ. ನನ್ನ ಮೊಮ್ಮಗಳು ಸುಗಂಧಾಳಿಗೆ ಈ ವರ್ಷ ಹದಿನೈದು. "ಕಥಿ ಆದ್ರ ಏನಾತು ಆಯಿ? ಅವ್ರ ಸಿಟ್ಟು ನೋಡಿದ್ರ ನಂದ ಅನಸ್ತೈತಿ" ಎಂದು ಅತ್ತಳು. ಗುಡ್ಡದಿನ ಉಳಿಸಿ ಎಂದು ಸಭೆಯ ಮುಂದೆ ಹೋಗಿ ಬೇಡಿದೆ.

ಸಭೆಯವರು ಪುರಾವೆ ಕೇಳಿದರು. ಆ ಕಾಲದ ಹುಡುಗಿಯರು ಇದನ್ನು ಯಾಕೆ ನೋಡಿದರು, ಅದರಿಂದ ಅವರಿಗೇನು ಸಿಕ್ಕಿತು, ತೋರಿಸು ಎಂದರು. ನಿಮ್ಮ ಕಾಗದಗಳನ್ನೆಲ್ಲ ಜಾಲಾಡಿದೆ. ಏನಿದೆ ಅಲ್ಲಿ? ಛಾಯಾಗ್ರಹಣದ ಹೊಗಳಿಕೆ. ಇಂಥ ಹೊಲಸು ನೋಡಿ ಹೆಣ್ಣುಮಕ್ಕಳು ಕೆಡುತ್ತಾರೆಂದು ಅಪ್ಪ ಅಮ್ಮಂದಿರು ಬರೆದ ಪತ್ರಗಳು, ಕಂತೆ ಕಂತೆ. ಮುಂದಿನ ವಾರ ಯಾರು ಸಾಯುತ್ತಾರೆಂದು ಸರಿಯಾಗಿ ಹೇಳಿದವರಿಗೆ ಕುಕ್ಕರ್ ಬಹುಮಾನ! ನಿಮಗೆ ನಾಚಿಕೆಯಾಗಬೇಕು. ಪಕ್ಕದಲ್ಲೇ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಮಗಳನ್ನು ನಿಮ್ಮಲ್ಲಿ ಒಬ್ಬರಾದರೂ ಕೇಳಲಿಲ್ಲವೇ? ಮೆಲ್ಲಗೆ ಮಾತಾಡು, ಸರಿಯಾಗಿ ಕೂರು ಎಂದು ದಿನವೂ ಹೇಳಿಸಿಕೊಂಡವಳಿಗೆ, ಹಸಿದು ಕೂಗುವ ಕೆಟ್ಟ ಹುಡುಗಿ ಯಾಕೆ ಹಿಡಿಸಿದಳು ಎಂದು ತಿಳಿಯುವ ಆಸೆಯೂ ಆಗಲಿಲ್ಲವೇ?

ಈಗಲಾದರೂ ಕೇಳಿ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ಜೋಪಾನವಾಗಿಡಿ. ಸಭೆ ಸೇರುವುದು ನಾಡಿದ್ದು. ನೀವು ಬರೆದಿಟ್ಟಿದ್ದರೆ ಅದು ಇಷ್ಟರಲ್ಲಿ ನೋಟಗೂಡಿನಲ್ಲಿ ನನ್ನ ಕೈಗೆ ಸಿಕ್ಕಿರಬೇಕಿತ್ತು. ಇವತ್ತು ಬೆಳಗ್ಗೆಯೂ ಹುಡುಕಿದೆ. ಇಲ್ಲ.

ದಾನಮ್ಮ ಹೊಂಬಳ