ದೀಪ ಅನ್ನಬಾರದ ಮನೆ

ಸೆಪ್ಟೆಂಬರ್ 4, ಭಾನುವಾರ

ಮತ್ತೆ ಕರೆಂಟ್ ಹೋಯಿತು, ಮತ್ತೆ ಬಾಯಿ ತಪ್ಪಿತು. ಕೈಯಲ್ಲಿ ಬಿಸಿ ಬೀನ್ಸ್ ಪಾತ್ರೆ, ಸುತ್ತ ಕಗ್ಗತ್ತಲೆ — ನಮ್ಮ ಮಾತಿನಲ್ಲಿ ದೀಪಕ್ಕೆ ಏನನ್ನುತ್ತೇವೋ ಆ ಪದವನ್ನೇ ಪೂರ್ತಿಯಾಗಿ ಕೂಗಿಬಿಟ್ಟೆ. 

"ಮಕೋಟಿ! ಅಜ್ಜನ್ನ ಹೆಸರು ಹಿಡಿದು ಕರೆದ್ಯಲ್ಲೇ! ಬಂದೇಬಿಟ್ರೆ ತಟ್ಟೆಗೆ ಏನ್ ಹಾಕ್ತೀಯ?" ನಾದಿನಿ ಜಬು. ಬಿದ್ದು ಬಿದ್ದು ನಕ್ಕಳು.

ಇಲ್ಲಿ ಎಲ್ಲರಿಗೂ ನಾನು ಮಕೋಟಿ, ಹೊಸ ಸೊಸೆ. ನನ್ನ ಹೆಸರು ನನ್ನ ಗಂಡ ಸಾನೆಲೆಗೆ ಮಾತ್ರ ಗೊತ್ತು ಅನ್ನುವ ಹಾಗೆ. (ಅವನು ಹೇಳುವಾಗ ಎಷ್ಟು ಚಂದ!!) ಸೊಸೆಯಾದವಳು ಗಂಡನ ಕಡೆಯ ಹಿರಿಯ ಗಂಡಸರ ಹೆಸರು ಹೇಳಬಾರದು. ಅಷ್ಟೇ ಆದರೆ ಪರವಾಗಿಲ್ಲ, ಆ ಹೆಸರು ಅಡಗಿರುವ ಪದವನ್ನೂ ಹೇಳಬಾರದು. ಸಾನೆಲೆಯ ತಾತನ ಹೆಸರೂ ಅದೇ ಪದ, ದೀಪ. ಬೆಟ್ಟ ಅಂತಲೋ ಸಿಂಹ ಅಂತಲೋ ಇಟ್ಟಿದ್ದರೆ ಹೇಗೋ ನಿಭಾಯಿಸುತ್ತಿದ್ದೆ. ದಿನಕ್ಕೆರಡು ಸಲ ಕರೆಂಟ್ ಹೋಗುವ ಈ ದೇಶದಲ್ಲಿ... ದೀಪ!

ಆ ತಾತನ ಹೆಂಡತಿ, ಅಜ್ಜಿ, ಅದಕ್ಕೆ "ಬೆಳಗೋದು" ಅನ್ನುತ್ತಾರೆ. ಎಲ್ಲರಿಗೂ ಅವರು ಗೋಗೊ. ನಾನು ಇಂಗ್ಲಿಷಿನಲ್ಲಿ "ಲ್ಯಾಂಪ್" ಅಂದು ಪಾರಾಗುತ್ತೇನೆ. "ಇಂಗ್ಲಿಷ್ ಸ್ಕೂಲಿನ ಫೀಸು ವಸೂಲಾಯ್ತು ಬಿಡು," ಅಂದರು ಗೋಗೊ.

ಮಾವ ನಗಲಿಲ್ಲ. ಅವರು ನಗುವುದಿಲ್ಲ.

ಸೆಪ್ಟೆಂಬರ್ 7, ಬುಧವಾರ

ಎಂಥ ದಿನ! ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಾಗ ಜೋಂಡಿ ತಾತ ಕಿಟಕಿಯಲ್ಲಿ ಇಣುಕಿದರು. ಹಳೆಯ ಗಣಿ ಕೆಲಸಗಾರರು, ಸ್ಮಾರಕ ಸಮಿತಿಯ ಅಧ್ಯಕ್ಷರು. ಮಾತಿಗಿಂತ ಕೆಮ್ಮು ಹೆಚ್ಚು. ಕಲ್ಲಿದ್ದಲ ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಅದರ ಬಾಯಿಗೆ ಸಿಮೆಂಟ್ ಜಡಿದಿದ್ದಾರೆ. ಅದರ ಎದುರಿಗೆ ಊರಿನವರೇ ಕಲ್ಲು ಹೊತ್ತು ಒಂದು ಗೋಡೆ ಕಟ್ಟಿದ್ದಾರೆ. ಒಳಗೆ ಸತ್ತವರ ಹೆಸರುಗಳನ್ನು ಅದರ ಮೇಲೆ ಕೆತ್ತಿಸಿ, ಇಪ್ಪತ್ತನಾಲ್ಕಕ್ಕೆ ಅನಾವರಣ.

"ಪಾಸ್ಟರ್ ಓದಿದ್ರೆ ಉಪದೇಶ ಆಗುತ್ತೆ, ನಾನು ಓದಿದ್ರೆ ಬರೀ ಕೆಮ್ಮು. ಹೆಸರುಗಳನ್ನ ನೀನೇ ಓದು ಮಗಳೇ. ನೀನು ಮಕ್ಕಳನ್ನ ಬೈಯೋದು ನಮ್ಮನೆ ಹಿತ್ತಲಿಗೆ ಕೇಳುತ್ತೆ."

"ಓದ್ತೀನಿ ತಾತಾ!" ಅಂದುಬಿಟ್ಟೆ. ಯೋಚನೆ ಗೀಚನೆ ಏನೂ ಇಲ್ಲ. ಎಲೊಕ್ಯೂಷನ್‌ನಲ್ಲಿ ಪ್ರತಿವರ್ಷ ಫಸ್ಟ್ ಬಂದವಳಲ್ಲವೇ ನಾನು!

ತಾತ ಒಂದು ಕಾಗದ ಕೊಟ್ಟರು, ಎಲ್ಲ ಕಂಪನಿಯ ಹಾಜರಿಯಲ್ಲಿದ್ದ ಹೆಸರುಗಳು. ಜಿಮ್, ಟಾಮ್, ಬಕೆಟ್, ಸಿಕ್ಸ್‌ಪೆನ್ಸ್. ಗುಮಾಸ್ತರಿಗೆ ನಮ್ಮ ಹೆಸರುಗಳಿಗೆ ನಾಲಿಗೆ ತಿರುಗುತ್ತಿರಲಿಲ್ಲವಂತೆ, ಬಾಯಿಗೆ ಬಂದದ್ದನ್ನು ಬರೆದುಕೊಂಡಿದ್ದಾರೆ. ಬಕೆಟ್! ಒಬ್ಬ ಮನುಷ್ಯನಿಗೆ! ಐದು ಮಂದಿ ಮಸೊಂಡೊಗಳೂ ಇದ್ದಾರೆ, ನಮ್ಮ ಮನೆತನ. ಅದರಲ್ಲೊಬ್ಬರು ಸಿಕ್ಸ್‌ಪೆನ್ಸ್ ಮಸೊಂಡೊ. ಯಾರಿರಬಹುದು? ಸಾನೆಲೆಯನ್ನು ಕೇಳಬೇಕು.

ಸೆಪ್ಟೆಂಬರ್ 8, ಗುರುವಾರ

ಊಟದ ಹೊತ್ತಿನಲ್ಲಿ ಕೇಳಿದೆ. ಎಲ್ಲರೆದುರಿಗೆ, ನಗುತ್ತಾ. "ಸಿಕ್ಸ್‌ಪೆನ್ಸ್ ಅಂತ ಯಾರೋ ನಮ್ಮೋರೇ ಇದ್ದಾರಂತೆ!"

ಮಾವನ ಚಮಚ ನಿಂತಿತು.

"ನಮ್ಮಪ್ಪ," ಅಂದರು.

ಭೂಮಿ ಬಾಯಿ ಬಿಡಬಾರದಿತ್ತೇ ಅನ್ನಿಸಿತು. ಮಾವ ಹುಟ್ಟುವ ಮೊದಲೇ ನಡೆದದ್ದು. ಒಳಗೆ ಬೆಂಕಿ. ಅದು ಹರಡದಿರಲಿ ಎಂದು ಆ ಭಾಗದ ಬಾಯಿ ಮುಚ್ಚಿದರು, ಒಳಗಿದ್ದವರ ಸಮೇತ. ಯಾರ ದೇಹವೂ ಹೊರಗೆ ಬರಲಿಲ್ಲ. ಬೇಲಿಯ ಒಳಗೆ ಮನೆಯವರನ್ನು ಬಿಡಲೂ ಇಲ್ಲ.

ಗೋಗೊ ಮಾತ್ರ ಸಣ್ಣಗೆ ನಕ್ಕರು. "ಸಿಕ್ಸ್‌ಪೆನ್ಸ್! ಆ ಹೆಸರಿಗೆ ಅವರು ಒಂದು ದಿನಾನೂ ಓಗೊಡ್ಲಿಲ್ಲ. ಹಾಜರಿ ಕೂಗಿದಾಗ ಪಕ್ಕದೋನು ಮೊಣಕೈಲಿ ತಿವೀಬೇಕಿತ್ತಂತೆ."

ಆಮೇಲೆ ನನ್ನ ಕಡೆ ತಿರುಗಿದರು. "ಅವರು ಇನ್ನೂ ಮನೆಗೆ ಬಂದಿಲ್ಲ ಮಕೋಟಿ."

ಗೊತ್ತು. ಹೊರಗೆ ಸತ್ತವರು ತಾವಾಗಿ ಮನೆಗೆ ಬರುವುದಿಲ್ಲ. ಸತ್ತ ಜಾಗಕ್ಕೆ ಎಲಚಿ ಮುಳ್ಳಿನ ಕೊಂಬೆ ಒಯ್ದು, ಹೆಸರು ಕೂಗಿ, ಕೊಂಬೆಯಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಮಾತಾಡಿಸುತ್ತ ಕರೆತರಬೇಕು. ನಮ್ಮ ಸೋದರತ್ತೆಯನ್ನು ಆಸ್ಪತ್ರೆಯಿಂದ ಹಾಗೇ ತಂದೆವು. ಇಪ್ಪತ್ತನಾಲ್ಕರಂದು ಎಲ್ಲ ಮನೆಯವರನ್ನೂ ಬೇಲಿಯ ಒಳಗೆ ಬಿಡುತ್ತಾರೆ. ಹೆಸರು ಓದಿದ ಹಾಗೆ ಒಬ್ಬೊಬ್ಬರೇ ಹೋಗಿ, ಗಣಿಯ ಬಾಯಿಗೆ ಕೊಂಬೆ ತಾಗಿಸಿ, ತಮ್ಮವರನ್ನು ಕರೆದುಕೊಂಡು ಹೊರಡಬೇಕು. ಗೋಗೊಗೆ ಮಂಡಿನೋವು, ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲ. ಕೊಂಬೆ ಹಿಡಿಯುವವರು ಮಾವ.

ಹೆಸರು ಓದುವವಳು ನಾನು. ದೇವರೇ.

ಸೆಪ್ಟೆಂಬರ್ 13, ಮಂಗಳವಾರ

ಗೋಗೊ ಕಲ್ಲು ಕೆತ್ತುವವನ ಬಳಿ ಹೋಗಿ, ಸಿಕ್ಸ್‌ಪೆನ್ಸ್ ತೆಗೆದು ನಿಜವಾದ ಹೆಸರು ಹಾಕು ಅಂದಿದ್ದಾರೆ. "ನಿಜವಾದ್ದು ಯಾವುದಜ್ಜಿ?" ಅಂದನಂತೆ. ಗಂಡನ ಹೆಸರು ಹೇಳುವುದು ಹೇಗೆ? ಆಯುಷ್ಯದಲ್ಲಿ ಒಮ್ಮೆಯೂ ಹೇಳಿಲ್ಲ. ಸುಮ್ಮನೆ ಬೆಳಕಿನ ಕಡೆ ಬೆರಳು ಮಾಡಿ ತೋರಿಸಿದ್ದಾರೆ. ಆಗ ಕರೆಂಟ್ ಇರಲಿಲ್ಲ. ಅವನ ಮೇಜಿನ ಮೇಲೆ ಉರಿಯುತ್ತಿದ್ದದ್ದು ಮೇಣದಬತ್ತಿ.

ಇವತ್ತು ಜೋಂಡಿ ತಾತ ಕೆತ್ತನೆಯ ನಕಲು ತಂದರು — ಮೇಣದಬತ್ತಿ ಮಸೊಂಡೊ!!

ಜಬು ನೆಲದ ಮೇಲೆ ಉರುಳಾಡಿದಳು. ಗೋಗೊ ತಲೆ ಚಚ್ಚಿಕೊಂಡು, ಮತ್ತೆ ಜೋಂಡಿ ತಾತನ ಮನೆಗೇ ಹೋಗಿ, ಗೋಡೆಯಲ್ಲಿ ನೇತುಹಾಕಿದ್ದ ಗಣಿಯ ಹಳೇ ತಲೆದೀಪ ಮುಟ್ಟಿ ತೋರಿಸಿದರಂತೆ. "ಓ! ಸಿ—!" ಅಂತ ತಾತ ಕೂಗಿದ್ದಕ್ಕೆ ಗೋಗೊ ಶಾಲಿನಲ್ಲಿ ಮುಖ ಮುಚ್ಚಿಕೊಂಡರಂತೆ, ಮದುವಣಗಿತ್ತಿಯ ಹಾಗೆ.

ನೋಡು, ಇಲ್ಲೂ ಅಡ್ಡಗೆರೆ ಎಳೆದೆ. ಬರೆದರೆ ಹೇಳಿದ ಹಾಗಾ? ಯಾರೂ ಓದದ ಪುಸ್ತಕದಲ್ಲೂ ಕೈ ಬರುತ್ತಿಲ್ಲ.

ಈಗ ಕಲ್ಲಿನ ಮೇಲೆ ನಿಜವಾದ ಹೆಸರೇ ಬರುತ್ತದೆ. ನನ್ನ ಕಾಗದದಲ್ಲೂ.

ಸೆಪ್ಟೆಂಬರ್ 14

ಮಾವ ಕರೆದರು. ಅವರೇ ಕರೆದದ್ದು ಇದೇ ಮೊದಲು. ನಾನು ಚಾಪೆಯ ಮೇಲೆ, ತಲೆ ತಗ್ಗಿಸಿ. ಅವರು ಕಿಟಕಿಯ ಕಡೆ ನೋಡುತ್ತ.

"ನೀನು ಸಿಕ್ಸ್‌ಪೆನ್ಸ್ ಅಂತಲೇ ಓದು. ಅದು ಕಂಪನಿ ಹೆಸರು, ಅದಕ್ಕೆ ಯಾವ ಮಡಿನೂ ಇಲ್ಲ. ನಮ್ಮ ಹೆಸರು ಸೊಸೆ ಬಾಯಲ್ಲಿ, ಅದೂ ಮೈಕಿನಲ್ಲಿ ಬೇಡ. ಹಾಗೇನಾದ್ರೂ ಆದ್ರೆ ನಿನ್ನ ತವರಿಗೆ ಕಳಿಸ್ಬೇಕಾಗುತ್ತೆ. ದಂಡದ ಆಡು ಹಿಡ್ಕೊಂಡು ನಿಮ್ಮಪ್ಪ ಬಂದು ತಪ್ಪು ಒಪ್ಪಿಕೊಳ್ಳೋವರ್ಗೂ."

ಒಳಗಿನಿಂದ ಗೋಗೊ: "ಸಿಕ್ಸ್‌ಪೆನ್ಸ್ ಅಂದ್ರೆ ಅಲ್ಲಿ ಯಾರೋ ತಿರುಗಿ ನೋಡೋದು?"

"ಮಸೊಂಡೊ ಅಂತ ನಾನ್ ಕರೀತೀನಮ್ಮ."

"ಐದು ಜನ ಎದ್ದು ನಿಲ್ತಾರೆ. ಯಾರನ್ನ ಕರ್ಕೊಂಡ್ ಬರ್ತೀಯ, ಪಕ್ಕದ ಮನೆಯೋರನ್ನಾ? ನೀನೇ ಹೆಸರು ಕೂಗು."

"ಹೆತ್ತಪ್ಪನ್ನ ಮಗ ಹೆಸರು ಹಿಡಿದು ಕೂಗ್ತಾನಾ?"

ಒಳಗೆ ಗೋಗೊ ಪಾತ್ರೆ ಕುಕ್ಕಿದ ಸದ್ದು ಕೇಳಿತು. 

ತವರಿಗೆ! ಮದುವೆಯಾಗಿ ಎರಡು ತಿಂಗಳಾಗಿಲ್ಲ. ಸಾನೆಲೆಯನ್ನು ಕೇಳಿದರೆ ತಾನು ಓಡಿಸುವ ಟ್ಯಾಕ್ಸಿಯ ಟೈರು ಒದ್ದು ನೋಡುತ್ತಾನೆ. "ಅಪ್ಪನ ಮಾತೂ ಸರಿ, ಗೋಗೊ ಮಾತೂ ಸರಿ. ನನ್ನ ಕೇಳ್ಬೇಡ ಚಿನ್ನಾ." ಚಿನ್ನಾ ಅಂತೆ! ಮೊದಲ ಸಲ ಅವನ ಮೇಲೆ ಸಿಟ್ಟು ಬಂತು. ಆಮೇಲೆ ಅತ್ತುಬಿಟ್ಟೆ. ಆಮೇಲೆ ಅವನೂ.

ಸೆಪ್ಟೆಂಬರ್ 16, ಶುಕ್ರವಾರ

ಸಮಾಧಾನ!! ಜೋಂಡಿ ತಾತನಿಗೆ ಎಲ್ಲ ಹೇಳಿದೆ. "ಇಷ್ಟೇನಾ? ಆ ಒಂದು ಹೆಸರು ನಾನು ಕೂಗ್ತೀನಿ ಬಿಡು. ಒಂದು ಹೆಸರಿಗಾಗೋಷ್ಟು ಉಸಿರು ಇನ್ನೂ ಇದೆ." ಅಪ್ಪಿಕೊಂಡುಬಿಟ್ಟೆ. ಇಡೀ ಮನೆಗೆ ಬಿಸಿ ಬ್ರೆಡ್ ಬೇಯಿಸಿದೆ. ಮಾವ ಎರಡನೇ ಸಲ ಹಾಕಿಸಿಕೊಂಡರು!

ಸೆಪ್ಟೆಂಬರ್ 23, ಶುಕ್ರವಾರ, ಮಧ್ಯಾಹ್ನ

ಜೋಂಡಿ ತಾತನನ್ನು ಬೆಳಿಗ್ಗೆ ಆಂಬುಲೆನ್ಸ್‌ನಲ್ಲಿ ಒಯ್ದರು. ಎದೆ. ಮುಖಕ್ಕೆ ಆಕ್ಸಿಜನ್ ಹಾಕಿದ್ದಾರೆ, ಜೀವಕ್ಕೆ ಅಪಾಯವಿಲ್ಲವಂತೆ. ಆದರೆ ಮಾತಾಡಲಾಗದು.

ಪಾಸ್ಟರ್ ಬಳಿ ಓಡಿದೆ. "ಪ್ರಾರ್ಥನೆ ಮಾಡ್ತೀನಿ ತಾಯಿ. ಸತ್ತವರನ್ನ ಕರೆಯೋ ಕೆಲಸ ನನ್ನದಲ್ಲ."

ಜಬು ಸೊಸೆಯಲ್ಲ, ಮನೆಮಗಳಲ್ಲವೇ, ಅವಳು ಕೂಗಬಹುದಲ್ಲ? ಅವಳ ನಗು ಒಮ್ಮೆಲೇ ನಿಂತುಹೋಯಿತು. "ಅಪ್ಪನ ಎದುರಿಗೆ? ನನ್ನ ಕೈಯಲ್ಲಾಗಲ್ಲ ಕಣೇ."

ಕಾಗದ ನನ್ನ ಬ್ಯಾಗಿನಲ್ಲಿದೆ. ಆ ಹೆಸರಿನ ಪಕ್ಕದಲ್ಲಿ ಮಾವ ಪೆನ್ಸಿಲಿನಲ್ಲಿ ಸಿಕ್ಸ್‌ಪೆನ್ಸ್ ಎಂದು ಬರೆದಿಟ್ಟಿದ್ದಾರೆ. ಅಕ್ಷರ ಎಷ್ಟು ದುಂಡಗಿದೆ. ಓದಿಬಿಡುತ್ತೇನೆ. ಹಾಗೇ ಓದಿಬಿಡುತ್ತೇನೆ. ಗೋಗೊ ಅಲ್ಲಿ ಇರುವುದಿಲ್ಲವಲ್ಲ.

ಗೋಗೊ ಆಗಲೇ ಹಿರಿಯರನ್ನು ಕೂರಿಸುವ ಗುಡಿಸಲು ಸಾರಿಸುತ್ತಿದ್ದಾರೆ. ಮಂಡಿಯೂರಿ. ನಾನು ಮಾಡ್ತೀನಿ ಅಂದರೆ, "ಬೇಡ, ಅವರು ಬರೋದು ನನ್ನ ಮನೆಗೆ" ಅಂದರು.



ಸೆಪ್ಟೆಂಬರ್ 24, ಶನಿವಾರ. ಟ್ಯಾಕ್ಸಿಯಲ್ಲಿ, ಮನೆಯ ದಾರಿ

ಯಾರೂ ಮಾತಾಡುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಟ್ಯಾಕ್ಸಿ ಕುಲುಕಿ ಅಕ್ಷರಗಳು ಓಡಾಡುತ್ತಿವೆ.

ಗಾಳಿ. ಮೈಕು ಗೊರಗೊರ. ಒಂದೊಂದು ಹೆಸರು ಓದಿದಾಗಲೂ ಜನರ ನಡುವಿನಿಂದ ಒಂದು ಕೊಂಬೆ ಎದ್ದು, ಗೋಡೆ ದಾಟಿ, ಗಣಿಯ ಬಾಯಿಗೆ ಹೋಗುತ್ತಿತ್ತು. ಒಬ್ಬಳು ಮುದುಕಿ "ಬಾರೋ ನನ್ನ ತಮ್ಮಾ, ಎಷ್ಟ್ ಹೊತ್ತೋ" ಅಂತ ಬೈದೇ ಕರೆದಳು. ನಕ್ಕು ಅತ್ತರು ಜನ.

ನಮ್ಮದು ಬಂತು. ಓದಿದೆ. "ಸಿಕ್ಸ್‌ಪೆನ್ಸ್ ಮಸೊಂಡೊ."

ಹಿಂದೆ ಯಾರೋ ಮಕ್ಕಳು ಕಿಸಕ್ಕೆಂದರು. ಮಾವ ಕೊಂಬೆ ಹಿಡಿದು ನಿಂತಿದ್ದರು. ಹೊರಡಲಿಲ್ಲ. ತಾವೇ ಹೇಳಿಕೊಟ್ಟ ಹೆಸರು! ಮುಂದಿನದು ಓದಿದೆ, ಅದರ ಮುಂದಿನದು, ಕೊನೆಯವರೆಗೂ. ಎಲ್ಲ ಕೊಂಬೆಗಳೂ ಹೋಗಿ ಬಂದವು. ಮಾವ ಅಲ್ಲೇ. ಒಂದು ಹೆಜ್ಜೆ ಎತ್ತಿದರು, ಇಟ್ಟರು. ಬಾಯಿ ತೆರೆದರು. "ಮಸೊಂಡೊ..." ಅಂದರು. ಅಷ್ಟೇ, ಮುಂದಕ್ಕೆ ದನಿ ಬರಲಿಲ್ಲ. ಅರವತ್ತು ದಾಟಿದ ಗಂಡಸು, ಸೂಟು ಹಾಕಿಕೊಂಡು, ತಾಯಿ ಕೈ ತಪ್ಪಿಸಿಕೊಂಡ ಮಗುವಿನ ಹಾಗೆ ಸುತ್ತ ನೋಡಿದರು.

ಪಾಸ್ಟರ್ ಗಡಿಯಾರ ನೋಡಿದರು. ಯಾರೋ ಮೈಕು ಆಫ್ ಮಾಡಿದರು.

ಸಾರಿಸಿದ ನೆಲದ ಮೇಲೆ ಗೋಗೊ ಕಾಯುತ್ತ ಕೂತಿರುತ್ತಾರೆ ಅನ್ನುವುದೊಂದೇ ತಲೆಯಲ್ಲಿ. ತವರು, ಆಡು, ಏನೂ ನೆನಪಾಗಲಿಲ್ಲ. ಸುಳ್ಳು. ನೆನಪಾಯಿತು. ಆದರೂ ಕೂಗಿದೆ.

"ಸಿಬಾನಿ! ಸಿಬಾನಿ ಮಸೊಂಡೊ!"

ದೀಪದ ಆ ಪದ ಗುಡ್ಡಕ್ಕೆ ಬಡಿದು ವಾಪಸ್ ಬಂತು. ನಮ್ಮ ಕಡೆಯ ಹೆಂಗಸರು ಬಾಯಿಗೆ ಕೈ ಇಟ್ಟುಕೊಂಡರು. ಸಾನೆಲೆ ಕಣ್ಣು ಮುಚ್ಚಿದ. ಮಾವ ನನ್ನ ಕಡೆ ನೋಡಲಿಲ್ಲ. ನಡೆದರು. ಸಿಮೆಂಟಿಗೆ ಕೊಂಬೆ ತಾಗಿಸಿದರು. ತುಂಬ ಹೊತ್ತು.

ಈಗ ಮುಂದಿನ ಸೀಟಿನಲ್ಲಿದ್ದಾರೆ, ಕೊಂಬೆ ತೊಡೆಯ ಮೇಲೆ. ಅವರಿಗೂ ಓಡಿಸುತ್ತಿರುವ ಸಾನೆಲೆಗೂ ನಡುವಿನ ಸೀಟು ಅವನ ತಾತನದು, ಖಾಲಿ. ದಾರಿಯಲ್ಲಿ ಒಬ್ಬ ಕೈ ಅಡ್ಡ ಹಾಕಿ, "ಒಂದು ಸೀಟ್ ಇದೆಯಲ್ಲಪ್ಪಾ!" ಅಂದ. ಸಾನೆಲೆ ಕೊಂಬೆ ತೋರಿಸಿದ. ಅವನು ಟೊಪ್ಪಿ ತೆಗೆದು ಹಿಂದೆ ಸರಿದ.

ಕೊಂಬೆ ಹಿಡಿದವರು ಮನೆ ಸೇರುವವರೆಗೆ ಬೇರೆ ಯಾರೊಂದಿಗೂ ಮಾತಾಡಬಾರದು. ಸತ್ತವರೊಂದಿಗೆ ಮಾತ್ರ. ಹಾಗಾಗಿ ನನಗೆ ಏನು ಕಾದಿದೆಯೋ ಗೊತ್ತಿಲ್ಲ. ಬೈದಿದ್ದರೆ ವಾಸಿಯಿತ್ತು. ಅವರ ಕುತ್ತಿಗೆಯ ಹಿಂಭಾಗ ಮಾತ್ರ ಕಾಣುತ್ತಿದೆ. ಬಟ್ಟೆ ಗಂಟು ಕಟ್ಟಲು ಹೇಳುತ್ತಾರಾ? ಇವತ್ತೇನಾ? ನಾಳೆಯಾ? ಮಾವ ಕೊಂಬೆಗೆ ದಾರಿ ಹೇಳುತ್ತಿದ್ದಾರೆ.

"ಅಪ್ಪಾ, ಸೇತುವೆ ಬಂತು. ನೀರು ದಾಟ್ತಾ ಇದೀವಿ."

"ಅಪ್ಪಾ, ಇದು ಅಂಗಡಿ. ನಿನ್ನ ಕಾಲದಲ್ಲಿ ಇರಲಿಲ್ಲ."

"ಬಲಕ್ಕೆ ತಿರುಗ್ತೀವಿ. ಗಟ್ಟಿ ಹಿಡ್ಕೋ, ಓಡಿಸೋನು ನಿನ್ ಮೊಮ್ಮಗ. ಅವನಿಗೆ ಬ್ರೇಕ್ ಅಂದ್ರೆ ಆಗಲ್ಲ."

ಇದು ತಮಾಷೆಯಾ? ಮಾವ ತಮಾಷೆ ಮಾಡಿದರಾ?

 ಈಗ ಬಗ್ಗಿ, ಕೊಂಬೆಗೆ ಮೆಲ್ಲಗೆ —

"ಹಿಂದೆ ಕೂತಿರೋದು ಮಕೋಟಿ. ನಿನ್ನ ಹೆಸರು ಕೂಗಿದ್ದು ಅವಳೇ. ಕೋಪ ಮಾಡ್ಕೋಬೇಡ. ನಾನೇ ಸಿಕ್ಸ್‌ಪೆನ್ಸ್ ಅನ್ನು ಅಂದಿದ್ದೆ. ನೀನು ಬರ್ಲಿಲ್ಲ. ಕಾಲು ಎತ್ತೋಕ್ಕೆ ಆಗ್ಲಿಲ್ಲ ಅಪ್ಪಾ ನನಗೆ. ನಿನ್ನ ಹೆಸರು ನನ್ನ ಬಾಯಲ್ಲಿ ಒಂದು ಸಲಾನೂ ಬಂದಿಲ್ಲ, ಹೇಗೆ ಅನ್ನೋದೇ ಗೊತ್ತಿಲ್ಲ." ಉಸಿರೆಳೆದುಕೊಂಡರು. "ಆಡು ಅವರಪ್ಪ ತರೋದು ಬೇಡ. ನಾನೇ ಕೊಡ್ತೀನಿ. ತಪ್ಪು ನನ್ನದು."

ಕಾಗದ ಒದ್ದೆಯಾಗುತ್ತಿದೆ. ಸಾನೆಲೆ ಕನ್ನಡಿಯಲ್ಲಿ ನೋಡುತ್ತಿದ್ದಾನೆ. ರಸ್ತೆ ನೋಡೋ ಮಾರಾಯ!

"ಬೆಟ್ಟ ಹತ್ತಿದ್ವಿ ಅಪ್ಪಾ. ಅಗೋ, ಮನೆ."

ಅಡುಗೆಮನೆ, ಎರಡೇ ನಿಮಿಷ

ಊರಿಗೆಲ್ಲ ಕರೆಂಟ್ ಇಲ್ಲ. ಗೋಗೊ ಬಾಗಿಲಲ್ಲಿ ನಿಂತಿದ್ದರು, ಕೋಲಿಲ್ಲದೆ. ಮಾವ ಒಳಗೆ ಹೋಗಿ ಕೊಂಬೆಯನ್ನು ಗೋಡೆಗೆ ಒರಗಿಸಿದರು. "ಬಂದ್ವಿ," ಅಂದರು. ಗೋಗೊ ಕತ್ತಲಲ್ಲೇ ಎಲೆಗಳನ್ನು ತಡವಿದರು, ಮುಳ್ಳು ಚುಚ್ಚಿತೇನೋ, ಕೈ ತೆಗೆಯಲಿಲ್ಲ. ಆಮೇಲೆ ನನ್ನ ಕಡೆಗೆ ಮುಖ ಮಾಡಿ —

"ಮಕೋಟಿ, ಸಿಬಾನಿ ಎಲ್ಲಿ?"

ಪೂರ್ತಿ ಪದ. ಗೋಗೊ ಬಾಯಲ್ಲಿ. ಬೆಳಗೋದು ಅಲ್ಲ. ಲ್ಯಾಂಪ್ ಕೇಳಿದರೋ, ತಮ್ಮ ಗಂಡನನ್ನೇ ಕರೆದರೋ... ಮಾವ ತಲೆ ಎತ್ತಿದರು, ಜಬು ಉಸಿರು ಹಿಡಿದಳು. ಮತ್ತೆ ಕೇಳುತ್ತಿದ್ದಾರೆ. ಇನ್ನೂ ಜೋರಾಗಿ. ಬಂದೆ ಗೋಗೊ, ಬಂದೆ — ಬೆಂಕಿಪೊಟ್ಟಣ ಎಲ್ಲಿಟ್ಟೆ, ಇಲ್ಲೇ ಎಲ್ಲೋ